ದೆವ್ವದ ಕಥಿಗೆ ಫೀಡ್‌ಬ್ಯಾಕ್ ಕೊಡೋದು ಹೆಂಗ, ತಗೊಳ್ಳೋದು ಹೆಂಗ

ಕೊಪ್ಪಳ, ಗಂಗಾವತಿ ಕಡೆ ನನಗ ಗೊತ್ತಿರೋ ಹುಡುಗ್ರು ಹುಡುಗೇರು ದೆವ್ವದ ಸಣ್ಣ ಕಥಿ ಚೊಲೋ ಬರೀತಾರ, ಬರದು ದೋಸ್ತರಿಗೆ ಕಳಸ್ತಾರ, ಅವ್ರು "ಸೂಪರ್" ಅಂತ ಒಂದು ಮಾತು ಹಾಕಿ ಬಿಡ್ತಾರ. ಇಷ್ಟರಿಂದ ಬರದವ್ರಿಗೆ ಏನೂ ಸಿಗಂಗಿಲ್ರಿ. ಹೆದರಿಕಿ ಯಾವ ಸಾಲಿನಾಗ ಹತ್ತಿತು, ಯಾವ ಸಾಲಿನಾಗ ಇಳೀತು, ಇದನ್ನ ಹೇಳ್ರಿ ಸಾಕು, ಉಳಿದದ್ದೆಲ್ಲಾ ಆಮ್ಯಾಲಿಂದು.

ಮೊದಲನೇ ಸಲ ಓದುವಾಗ ಕಾಗುಣಿತ ತಿದ್ದಾಕ ಕುಂದರಬ್ಯಾಡ್ರಿ. ಒಂದ ದಮ್ಮಿಗೆ ಓದ್ರಿ, ಎಲ್ಲಿ ಎದಿ ಝಲ್ ಅಂತು ಅಲ್ಲಿ ಒಂದು ಗೀಟು, ಎಲ್ಲಿ ಬ್ಯಾಸರಾತು ಅಲ್ಲಿ ಒಂದು ಸೊನ್ನಿ, ಎಲ್ಲಿ ತಿಳೀದ ಹಿಂದಕ ಹೋಗಿ ಮತ್ತ ಓದಿದ್ರಿ ಅಲ್ಲಿ ಪ್ರಶ್ನೆ ಗುರ್ತು. ಎರಡನೇ ಸಲಕ್ಕ ಮುಂದ ಏನು ಬರ್ತೈತಂತ ಗೊತ್ತಿರ್ತೈತಿ, ಆಗ ಹಾಕೋ ಗೀಟಿಗೆ ಬೆಲಿ ಇಲ್ಲ.

ಒಂದು ಉದಾಹರಣಿ ತಗೋರಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದೈತಂತ ಒಬ್ಬಾತ ಮೋಟಾರ್ ಚಾಲೂ ಮಾಡಾಕ ಹೊಲಕ್ಕ ಹೋಗ್ತಾನ, ಹೋಗೋದ್ರಾಗ ಮೋಟಾರ್ ಆಗಲೇ ಓಡಾಕತ್ತೈತಿ, ಬದುವಿನ ಮ್ಯಾಲೆ ಯಾರದೋ ಹಸಿ ಹೆಜ್ಜಿ ಮೂಡ್ಯಾವ. ಮುಂದಿನ ಸಾಲಿಗೆ ಬಿಳಿ ಸೀರಿ ಉಟ್ಟಾಕಿ ಕೂದಲು ಬಿಟ್ಕೊಂಡು ಗಹಗಹಿಸಿ ನಗ್ತಾಳ. ಇದಕ್ಕ "ಕ್ಲೈಮ್ಯಾಕ್ಸ್ ವೀಕ್" ಅಂದ್ರ ಬರದಾಕಿಗೆ ಏನು ತಿಳೀಬೇಕು? ಹಿಂಗ ಹೇಳ್ರಿ: "ಮೋಟಾರ್ ಸಪ್ಪಳ ಕೇಳಿದಾಗ ಮೈ ಜುಂ ಅಂತು, ಹೆಜ್ಜಿ ಯಾ ಕಡೆ ಹೋಗ್ಯಾವಂತ ನಾನೂ ಹುಡುಕಾಕತ್ತಿದ್ದೆ, ಆಕಿ ನಕ್ಕ ಕೂಡ್ಲೆ ಇದು ಸಿನಿಮಾದಾಗ ನೋಡಿದ್ದ ದೆವ್ವ ಅನ್ನಿಸಿ ಹೆದರಿಕಿ ಹೋತವ್ವ." ಇನ್ನೂ ಒಂದು ಮಾತು ನಮ್ಮ ಕಡೆ ರೈತರು ಖಂಡಿತ ಕೇಳ್ತಾರ, ಆಟೋ ಸ್ಟಾರ್ಟರ್ ಇದ್ರ ಕರೆಂಟ್ ಬಂದ ಕೂಡ್ಲೆ ಮೋಟಾರ್ ತಾನ ಚಾಲೂ ಆಗ್ತೈತಲ್ಲ, ಅದ್ರಾಗ ದೆವ್ವ ಎಲ್ಲಿಂದ ಬಂತು? ಇದು ಬಂಗಾರದಂಥ ಫೀಡ್‌ಬ್ಯಾಕ್. ಆಟೋ ಸ್ಟಾರ್ಟರ್ ಕೆಟ್ಟು ತಿಂಗಳಾತು, ಹಸಿರು ಬಟನ್ ಕೈಲೆ ಒತ್ತಬೇಕು ಅಂತ ಮೊದಲ ಒಂದು ಸಾಲು ಬಂದ್ರ ಅದ ಸಪ್ಪಳ ಎರಡು ಪಟ್ಟು ಹೆದರಸ್ತೈತಿ.

ಹಂಗಾಗಿ ಜಾಗದ ವಿವರ ತಪ್ಪಿದ್ರ ಸಂಕೋಚ ಇಲ್ದ ಹೇಳ್ರಿ. ಗಂಗಾವತಿ ಹತ್ರದ ಹಿರೇಬೆಣಕಲ್ ಗುಡ್ಡದ ಮ್ಯಾಲಿನ ಮೋರ್ಯರ ಮನಿ ಬಗ್ಗೆ ಬರಿಯೋರು ಅಲ್ಲಿ ಕಿರ್ರ್ ಅನ್ನೋ ಬಾಗಲು ಇಡಬಾರದು. ಅವು 2000 ವರ್ಷಕ್ಕೂ ಹಳೇ ಶಿಲಾ ಸಮಾಧಿ, ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ್ದು, ಕೆಲವಕ್ಕ ದುಂಡಗಿನ ಕಿಂಡಿ ಐತಿ ಅಷ್ಟ, ಅಲ್ಲೆ ಬಡಿದ್ರ ನಗಾರಿಯಂಗ ಸಪ್ಪಳ ಮಾಡೋ ಬಂಡೆಗಲ್ಲೂ ಐತಿ. ಆ ಕಿಂಡಿ, ಆ ಬಂಡೆಗಲ್ಲು ಇರುವಾಗ ಬಾಗಲು ಯಾಕ ಬೇಕ್ರಿ?

"ದೆವ್ವ ಎಲ್ಲಾ ಸುಳ್ಳು, ಮೂಢನಂಬಿಕಿ" ಅನ್ನೋದು ಕಥಿಗೆ ಅಭಿಪ್ರಾಯ ಅಲ್ಲ, ಆ ವಾದ ಬೇರೆ ಕಡೆ ಮಾಡ್ರಿ. ಆದ್ರ ಒಂದೂರಿನ ಮಂದಿ ಕೈ ಮುಗಿಯೋ ಅಮ್ಮನ್ನ ದೆವ್ವ ಮಾಡಿ ಬರದಿದ್ರ, ಮೈಮ್ಯಾಲೆ ದೇವ್ರು ಬರೋ ಹೆಣ್ಣುಮಗಳನ್ನ ಹುಚ್ಚಿ ಅಂತ ತೋರ್ಸಿದ್ರ, ಅದು ನೋವು ಮಾಡ್ತೈತಿ ಅಂತ ನೇರ ಹೇಳಬೇಕು, ಅವ್ರೊಬ್ರಿಗೇ ಹೇಳ್ರಿ, ನಾಲ್ಕು ಮಂದಿ ಮುಂದ ಬ್ಯಾಡ. ದೆವ್ವ ತನ್ನ ನಿಯಮ ತಾನ ಮುರದೈತೇನು ಅಂತನೂ ನೋಡ್ರಿ, ಕಾಲುವಿ ದಾಟಂಗಿಲ್ಲ ಅಂದದ್ದು ಕಡಿಗೆ ಸುಮ್ಮನ ದಾಟಿ ಬಂದ್ರ ಓದೋರು ಕಥಿ ನಂಬೋದ ಬಿಡ್ತಾರ.

ಇನ್ನು ಬರದವ್ರು. ಕೊಡುವಾಗ "ಭಾಳ ಹೆದರಿಕಿ ಕಥಿ, ಹುಷಾರು" ಅನಬ್ಯಾಡ್ರಿ, ಓದೋರು ಮೊದಲ ತಯಾರಾಗಿ ಕುಂದರ್ತಾರ. ಅವ್ರು ಹೇಳುವಾಗ "ಅಲ್ಲ, ಅದರ ಅರ್ಥ ಏನಂದ್ರ" ಅಂತ ನಡುವ ಬಾಯಿ ಹಾಕಬ್ಯಾಡ್ರಿ, ಕಥಿ ಜೋಡಿ ನೀವು ಎಲ್ಲಾರ ಮನಿಗೂ ಹೋಗಾಕ ಆಗಂಗಿಲ್ಲ. ಎಲ್ಲಾ ಬರಕೋರಿ. ಆಮ್ಯಾಲೆ ಎರಡ ಪ್ರಶ್ನೆ ಕೇಳ್ರಿ, ಕಡಿಗೆ ಏನಾಗ್ತೈತಂತ ಯಾವಾಗ ಗೊತ್ತಾತು, ಓದಿ ಮುಗಿಸಿದ ಮ್ಯಾಲೆ ತಲಿಯಾಗ ಏನು ಉಳೀತು. ಒಬ್ರು ಒಂದು ಸಾಲಿನಾಗ ಎಡವಿದ್ರ ಕಾಯ್ರಿ, ಒಬ್ಬರಿಗೊಬ್ರು ಮಾತಾಡ್ದ ಇಬ್ರು ಮೂವರು ಅಲ್ಲೇ ಎಡವಿದ್ರ ತೊಂದರಿ ಐತಿ, ಅದು ಬಹಳ ಸಲ ಆ ಸಾಲಿನಾಗ ಇರಂಗಿಲ್ಲ, ಎರಡು ಪ್ಯಾರಾ ಹಿಂದ ಇರ್ತೈತಿ, ಮೋಟಾರ್ ಕಥಿಯಾಗ ಆಟೋ ಸ್ಟಾರ್ಟರ್ ಮಾತು ಬಿಟ್ಟು ಹೋದಂಗ. ಅವ್ರು ಹೇಳಿದ ಜಾಗ ನಂಬ್ರಿ, ಅವ್ರು ಹೇಳಿದ ರಿಪೇರಿ ಮಾತ್ರ ನಿಮಗ ಒಪ್ಪಿದ್ರ ಅಷ್ಟ ತಗೋರಿ.

ಮತ್ತ ಎಲ್ಲಾ ದೋಸ್ತರಿಗೂ ಒಮ್ಮೆಲೆ ಕಳಸಬ್ಯಾಡ್ರಿ. ಒಬ್ರನ್ನ ಒಂದು ಕಥಿ ಒಂದ ಸಲ ಹೆದರಸ್ತೈತಿ, ತಿದ್ದಿದ್ದನ್ನ ಮತ್ತ ಅವ್ರಿಗೇ ಕೊಟ್ರ "ಈಗ ಚೊಲೋ ಆಗೈತಿ" ಅಂತಾರ, ಹೆದರಿದ್ರೋ ಇಲ್ಲೋ ಗೊತ್ತಾಗಂಗಿಲ್ಲ. ಮೊದಲ ಇಬ್ರು ಮೂವರಿಗೆ ಕೊಡ್ರಿ, ತಿದ್ದಿದ ಮ್ಯಾಲೆ ಕಥಿಯ ಸುದ್ದಿನೇ ಕೇಳದ ಹೊಸಬ್ರಿಗೆ ಕೊಟ್ಟು ಅದ ಗೀಟು, ಅದ ಸೊನ್ನಿ ಹಾಕಸ್ರಿ.