ವಿಮಾನ ಹತ್ತುವ ಮುನ್ನ ಒಂದು ಪೆಗ್: ನಾನು ಲೆಕ್ಕ ಹಾಕುವ ರೀತಿ

ಏರ್‌ಪೋರ್ಟ್ ಬಾರಿನಲ್ಲಿ ಕೂತ ಮೇಲೆ ಮೆನುಗಿಂತ ಮೊದಲು ಬೋರ್ಡಿಂಗ್ ಪಾಸ್ ನೋಡುತ್ತೇನೆ. ದೇಶದೊಳಗಿನ ವಿಮಾನಗಳಿಗೆ ಗೇಟ್ ಮುಚ್ಚುವುದು ಸಾಮಾನ್ಯವಾಗಿ ಹೊರಡುವ ಹೊತ್ತಿಗಿಂತ 25 ನಿಮಿಷ ಮೊದಲು. ರಾತ್ರಿ 8ರ ವಿಮಾನವೆಂದರೆ ನನ್ನ ಪಾಲಿಗೆ ಅದು 7.35ರದ್ದು. ಅಲ್ಲಿಂದ ಹಿಂದಕ್ಕೆ ಎಣಿಸಿ, 7.10ಕ್ಕೆ ಬಾರಿನಿಂದ ಎದ್ದಿರಬೇಕು, 6.25ರೊಳಗೆ ಗ್ಲಾಸ್ ಮೇಜಿನ ಮೇಲಿರಬೇಕು. ಅಷ್ಟು ಹೊತ್ತು ಉಳಿದಿಲ್ಲವೆಂದರೆ ಕಾಫಿ ಸಾಕು.

ಸೆಕ್ಯುರಿಟಿ ಮುಗಿದ ಮೇಲೆ ಗೇಟ್ ತನಕ ಒಮ್ಮೆ ನಡೆದು ನೋಡಿಕೊಂಡೇ ಬಾರಿಗೆ ಬರುವುದು. ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಂತೂ ಈ ನಡಿಗೆ ಸಣ್ಣದಲ್ಲ. ಎಷ್ಟೋ ನಿಲ್ದಾಣಗಳಲ್ಲಿ ಈಗ ಮೈಕಿನಲ್ಲಿ ಕರೆಯುವುದನ್ನೇ ಕಡಿಮೆ ಮಾಡಿದ್ದಾರೆ. ಕರೆದರೂ ಬಾರಿನ ಗದ್ದಲದಲ್ಲಿ ಕೇಳಿಸದು. ಹಾಗಾಗಿ ಸ್ಕ್ರೀನ್ ಕಾಣುವ ಕುರ್ಚಿ ಹಿಡಿಯುತ್ತೇನೆ, 7.05ಕ್ಕೆ ಫೋನಿನಲ್ಲಿ ಅಲಾರಾಂ ಇಡುತ್ತೇನೆ. ಕೊನೇ ಗಳಿಗೆಯಲ್ಲಿ ಗೇಟ್ ಬದಲಾಗುವುದು ಅಪರೂಪವೇನಲ್ಲ.

ಆರ್ಡರ್ ಮಾಡುವಾಗ ಗ್ಲಾಸ್ ಎಣಿಸಬಾರದು, ಆಲ್ಕೋಹಾಲ್ ಎಣಿಸಬೇಕು. 42.8% ವಿಸ್ಕಿಯ 30 ಮಿ.ಲೀ. ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. 5%ನ 330 ಮಿ.ಲೀ. ಪಿಂಟ್ ಬಿಯರ್‌ನಲ್ಲಿ 13 ಗ್ರಾಂ. ಅದೇ ಪಿಂಟ್ 8%ನ ಸ್ಟ್ರಾಂಗ್ ಆದರೆ 21 ಗ್ರಾಂ, ಅಂದರೆ ಒಂದು ಲಾರ್ಜ್ (60 ಮಿ.ಲೀ.) ವಿಸ್ಕಿಗೆ ಸಮ. ನಮ್ಮ ಅಮೃತ್ ಫ್ಯೂಷನ್ ವಿಸ್ಕಿ 50% ಇರುವುದರಿಂದ ಅದರ 60 ಮಿ.ಲೀ. 24 ಗ್ರಾಂ ಹತ್ತಿರ ಹೋಗುತ್ತದೆ. ದೇಹ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಮೆನುವಿನಲ್ಲಿರುವ ಬೆಲೆ ಬಹುಪಾಲು 30 ಮಿ.ಲೀ.ಗೆ, ವೇಟರ್ "ಲಾರ್ಜಾ ಸರ್?" ಅಂದಾಗ ಸುಮ್ಮನೆ ತಲೆಯಾಡಿಸಿದರೆ ಬಿಲ್ ಎರಡರಷ್ಟು. "ಸ್ಮಾಲ್, ನೀರು ಬೇರೆ" ಎಂದು ಬಾಯಿಬಿಟ್ಟೇ ಹೇಳಬೇಕು.

ಬಿಯರ್ ನಾನು ಇಲ್ಲಿ ಮುಟ್ಟುವುದಿಲ್ಲ. ಹಾರುವಾಗ ಕ್ಯಾಬಿನ್ನಿನ ಒತ್ತಡ 6,000ರಿಂದ 8,000 ಅಡಿ ಎತ್ತರದ ಮಟ್ಟಕ್ಕೆ ಇಳಿಯುತ್ತದೆ, ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವಷ್ಟು ಅಥವಾ ಇನ್ನೂ ತುಸು ಕಡಿಮೆ. ಹೊಟ್ಟೆಯೊಳಗಿನ ಗ್ಯಾಸ್ ಹಿಗ್ಗಿ ಉಬ್ಬರಿಸುತ್ತದೆ. ಸಾಲದ್ದಕ್ಕೆ, ಸೀಟ್ ಬೆಲ್ಟ್ ದೀಪ ಆರುವ ಮೊದಲೇ ಮೂತ್ರಕ್ಕೆ ಅವಸರ. ವಿಸ್ಕಿಗೆ ಸೋಡಾ ಬೆರೆಸಿದರೂ ಇದೇ ಪಾಡು, ನೀರೇ ವಾಸಿ. ಜೊತೆಗೆ ಒಂದು ತಟ್ಟೆ ಪನೀರ್ ಟಿಕ್ಕಾವೋ ಆಮ್ಲೆಟ್ಟೋ ಇರಲಿ. ಖಾಲಿ ಹೊಟ್ಟೆಗೆ ಬಿದ್ದದ್ದು ಬೇಗ ಏರುತ್ತದೆ.

ಬಿಲ್ ಮಾತ್ರ ಗ್ಲಾಸ್ ಬಂದ ಕೂಡಲೇ ತರಿಸಿ ಕಟ್ಟಿಬಿಡಿ. ಕೊನೆಯಲ್ಲಿ ಕಾರ್ಡ್ ಯಂತ್ರಕ್ಕೆ ಕಾಯುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಬೇಡವೆಂದರೆ ತೆಗೆಯಬೇಕು.

ಮಾತು ತೊದಲುತ್ತಿದ್ದರೆ ಗೇಟಿನಲ್ಲೇ ತಡೆಯಬಹುದು. ಒಳಗೆ ಹೋಗಿ ಬಾಯಿಮಾತಿನ ಗಲಾಟೆ ಮಾಡಿದರೂ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಮೂರು ತಿಂಗಳವರೆಗೆ ಹಾರಾಟ ನಿಷೇಧ; ಕೈ ಮಾಡಿದರೆ ಆರು ತಿಂಗಳವರೆಗೆ. ಡ್ಯೂಟಿ ಫ್ರೀ ಬಾಟಲಿಯನ್ನು ಸೀಟಿನಲ್ಲಿ ಕೂತು ಬಿಚ್ಚುವಂತಿಲ್ಲ.

ಇಳಿಯುವ ಊರಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದ್ದರೆ ಸ್ಮಾಲ್ ಕೂಡ ಬೇಡ. ಬೆಂಗಳೂರಿಂದ ಮಂಗಳೂರಿಗೆ ಹಾರಾಟ ಒಂದು ಗಂಟೆ ಆಸುಪಾಸು; ಅಷ್ಟರಲ್ಲಿ ಏನೂ ಪೂರ್ತಿ ಇಳಿದಿರುವುದಿಲ್ಲ. ಗಾಡಿ ಓಡಿಸುವವರಿಗೆ ಮಿತಿ ಇರುವುದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್; ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು.