ಕೃತಕ ಜೊಲ್ಲು: ನಾನು ಬಳಸುವ ರೀತಿ

ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟ ಮೇಲೆ ನನ್ನ ಬಾಯಲ್ಲಿ ಜೊಲ್ಲು ಹೆಚ್ಚುಕಡಿಮೆ ನಿಂತೇ ಹೋಯಿತು. ಆರೋಗ್ಯವಂತರಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಬರುತ್ತದೆ, ಅದು ಗೊತ್ತೇ ಆಗುವುದಿಲ್ಲ ಅಲ್ವಾ? ಇಲ್ಲದಾಗ ನಾಲಿಗೆ ಅಂಗುಳಿಗೆ ಅಂಟುತ್ತದೆ, ಮಾತು ತೊದಲುತ್ತದೆ, ಒಣ ತುತ್ತು ಇಳಿಯುವುದಿಲ್ಲ. ನೀರು ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಕುಡಿಯುತ್ತೇನೆ, ಆದರೆ ನೀರಿನಲ್ಲಿ ಜಾರಿಕೆ ಇಲ್ಲ, ನುಂಗಿದ ಸ್ವಲ್ಪ ಹೊತ್ತಿಗೇ ಬಾಯಿ ಮತ್ತೆ ಒಣ.

ಕೃತಕ ಜೊಲ್ಲು ಅಂದರೆ ಬಾಯಿ ಒದ್ದೆಯಾಗಿರಲು ಹಾಕಿಕೊಳ್ಳುವ ಸ್ಪ್ರೇ ಅಥವಾ ಜೆಲ್. ಆ ಜಾರಿಕೆಗಾಗಿಯೇ ಅದರಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಕ್ಸಾಂಥನ್ ಗಮ್‌ನಂಥ ದಪ್ಪ ಮಾಡುವ ವಸ್ತು ಹಾಕಿರುತ್ತಾರೆ. ಕೆಲವದರಲ್ಲಿ ಹಂದಿಯ ಹೊಟ್ಟೆಯಿಂದ ತೆಗೆದ ಮ್ಯೂಸಿನ್ (ಲೋಳೆಯ ಅಂಶ) ಇರುತ್ತದೆ, ಬೇಡ ಅನ್ನುವವರು ಲೇಬಲ್ ಓದಿ.

ನನಗೆ ಯಾವ ಬ್ರ್ಯಾಂಡ್ ಅನ್ನುವುದಕ್ಕಿಂತ ಯಾವಾಗ ಹಾಕಿಕೊಳ್ಳುತ್ತೇನೆ ಅನ್ನುವುದೇ ಮುಖ್ಯ. ಬಾಯಿ ಪೂರ್ತಿ ಒಣಗಿದ ಮೇಲಲ್ಲ, ಅದಕ್ಕೆ ಮೊದಲೇ: ಊಟಕ್ಕೆ ಕೂರುವ ಮುಂಚೆ, ಫೋನ್ ಎತ್ತುವ ಮುಂಚೆ. ಸ್ಪ್ರೇಯನ್ನು ಗಂಟಲಿಗೆ ಹೊಡೆದರೆ ಸುಮ್ನೆ ನುಂಗಿಬಿಡುತ್ತೇವೆ. ಎರಡೂ ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಹೊಡೆದು ನಾಲಿಗೆಯಿಂದಲೇ ಎಲ್ಲ ಕಡೆ ಸವರುತ್ತೇನೆ. ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ಚಿಕ್ಕ ಬಾಟಲಿ ಜೇಬಿನಲ್ಲೇ ಇರುತ್ತದೆ.

ರಾತ್ರಿಗೆ ಜೆಲ್. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲು ತೀರಾ ಕಡಿಮೆಯಾಗುತ್ತದೆ, ನನ್ನಂಥವರಿಗೆ ಕೇಳುವುದೇ ಬೇಡ. ಮೊದಲು ನೀರಿನಿಂದ ಬಾಯಿ ಒದ್ದೆ ಮಾಡಿಕೊಂಡು, ಕಿರುಬೆರಳ ತುದಿಯಷ್ಟು ಜೆಲ್ ತೆಗೆದು ಒಸಡು, ಕೆನ್ನೆ, ನಾಲಿಗೆಗೆ ತೆಳ್ಳಗೆ ಸವರುತ್ತೇನೆ. ಒಣ ಬಾಯಿಗೆ ಸವರಿದರೆ, ಇಲ್ಲವೇ ಜಾಸ್ತಿ ಹಾಕಿದರೆ, ಬೆಳಗ್ಗೆ ಅಂಟಂಟು ಗಂಟು ಕಟ್ಟಿರುತ್ತದೆ.

ಸ್ವಂತ ಹಲ್ಲು ಇರುವವರು ಹುಳಿ ರುಚಿಯ ಸ್ಪ್ರೇಗಳ ವಿಷಯದಲ್ಲಿ ಹುಷಾರಾಗಿರಿ. ಹುಳಿಯು, ಇನ್ನೂ ಕೆಲಸ ಮಾಡುವ ಜೊಲ್ಲಿನ ಗ್ರಂಥಿಯನ್ನು ಕೆರಳಿಸಿ ಜೊಲ್ಲು ತರಿಸುತ್ತದೆ ನಿಜ, ಆದರೆ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗಲು ಶುರುವಾಗುತ್ತದೆ, ತೊಳೆಯಲು ಜೊಲ್ಲೂ ಇಲ್ಲದ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಅದಕ್ಕೇ ನಾನು ಪಿಎಚ್ ತಟಸ್ಥ ಇರುವ, ಫ್ಲೋರೈಡ್ ಸೇರಿಸಿದ ಸ್ಪ್ರೇ ಆರಿಸಿಕೊಂಡೆ. ಹಲ್ಲಿನ ಡಾಕ್ಟರು 5000 ಪಿಪಿಎಂ ಫ್ಲೋರೈಡ್ ಪೇಸ್ಟನ್ನೂ ಬರೆದುಕೊಟ್ಟಿದ್ದಾರೆ. ಮಾಮೂಲಿ ಪೇಸ್ಟಿನಲ್ಲಿ ಇರುವುದು 1000ದಿಂದ 1500. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಿಟ್ಟೇಬಿಟ್ಟೆ, ಅದು ಇನ್ನೂ ಒಣಗಿಸುತ್ತದೆ.

ಈ ಸ್ಪ್ರೇ, ಜೆಲ್ ಜೊಲ್ಲು ಹುಟ್ಟಿಸುವ ಔಷಧಿಗಳಲ್ಲ. ಅದಕ್ಕೆ ಪೈಲೋಕಾರ್ಪಿನ್‌ನಂಥ ಮಾತ್ರೆ ಬೇರೆ ಇದೆ, ಅದೂ ಡಾಕ್ಟರು ಕೊಟ್ಟರೆ ಮಾತ್ರ, ಆಸ್ತಮಾ ಹತೋಟಿಯಲ್ಲಿ ಇಲ್ಲದವರಿಗೆ ಆಗಿಬರುವುದಿಲ್ಲ. ಅಲರ್ಜಿ, ಖಿನ್ನತೆ, ಬಿಪಿ ಮಾತ್ರೆಗಳಿಂದಲೂ ಬಾಯಿ ಒಣಗಬಹುದು. ಹಾಗಿದ್ದರೆ ಸ್ಪ್ರೇ ಕೊಳ್ಳುವ ಮೊದಲು ಮಾತ್ರೆ ಬರೆದ ಡಾಕ್ಟರನ್ನೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬಾಯಲ್ಲಿ ಬಿಳಿ ಪದರ, ಉರಿ ಕಂಡರೆ ಫಂಗಸ್ ಇರಬಹುದು, ಅದಕ್ಕೆ ಜೆಲ್ ಸಾಲದು, ತೋರಿಸಿಕೊಳ್ಳಿ.

ಇನ್ನೊಂದು, ಮನೆಯಲ್ಲಿ ನಾಯಿ ಇದ್ದರೆ ಟ್ಯೂಬನ್ನು ಅದಕ್ಕೆ ಸಿಗದ ಕಡೆ ಇಡಿ. ಎಷ್ಟೋ ಜೆಲ್‌ಗಳಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.