ಹೊಸ ಬೆಕ್ಕಿನ ಮುಖಕ್ಕಿಂತ ಮೊದಲು ಅದರ ವಾಸನೆ ತೋರಿಸಿ

ಬೀದಿಯಿಂದ ತಂದ ಅಂಜುಬುರುಕ ಬೆಕ್ಕನ್ನು ಬೇರೆ ಕೋಣೆಯಲ್ಲಿಟ್ಟು, ಅದು ಮಲಗಿದ ಹಳೇ ಟವೆಲನ್ನು ಮನೆ ಬೆಕ್ಕಿನ ಊಟದ ತಟ್ಟೆಯಿಂದ ಸ್ವಲ್ಪ ದೂರ ಇಡಿ, ಮನೆ ಬೆಕ್ಕು ಮಲಗಿದ ಬಟ್ಟೆಯನ್ನು ಹೊಸದರ ತಟ್ಟೆಯಿಂದಲೂ ಹಾಗೇ ಸ್ವಲ್ಪ ದೂರ ಇಡಿ, ದಿನಾ ಒಂಚೂರು ತಟ್ಟೆಗೆ ಹತ್ತಿರ ಸರಿಸಿ. ಬೆಕ್ಕುಗಳು ಗುರುತು ಹಿಡಿಯೋದು ಕಣ್ಣಿಗಿಂತ ಜಾಸ್ತಿ ಮೂಗಿನಿಂದ. ಊಟದ ಜೊತೆ ಬಂದ ವಾಸನೆ ವೈರಿಯದು ಅನ್ನಿಸೋದಿಲ್ಲ. ವಾಸನೆ ಹಿಡಿಯಲು ಬಟ್ಟೆಯಿಂದ ಬೆಕ್ಕಿನ ಕೆನ್ನೆ ಒರೆಸಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹೆದರಿದ ಬೆಕ್ಕು ಕೈಗೆ ಸಿಕ್ಕಬೇಕಲ್ವಾ! ಟವೆಲನ್ನು ಸೋಪಿನಲ್ಲಿ ಒಗೆಯಬೇಡಿ, ವಾಸನೆಯೇ ಹೋಗುತ್ತದೆ. ಎರಡೂ ಬೆಕ್ಕು ಟವೆಲ್ ಪಕ್ಕದಲ್ಲೇ ಸುಮ್ನೆ ಉಣ್ಣತೊಡಗಿದ ಮೇಲೆ ಬಾಗಿಲು ಎರಡು ಬೆರಳಷ್ಟು ತೆರೆಯಿರಿ. ಯಾವುದಾದರೂ ಊಟ ಬಿಟ್ಟು ಗುರ್ ಅಂದರೆ ಮತ್ತೆ ದೂರದಿಂದ ಶುರು. ಸಂತಾನಹರಣ ಆಪರೇಷನ್ ಆಗದ ಎರಡು ಗಂಡು ಬೆಕ್ಕುಗಳಿಗೆ ಇದು ಅಷ್ಟಾಗಿ ನಡೆಯೋದಿಲ್ಲ. ಹೊಸದಕ್ಕೆ ಶೀತ, ಚರ್ಮರೋಗ ಇದ್ದರಂತೂ ಬಟ್ಟೆ ಅದಲುಬದಲು ಮಾಡಲೇಬೇಡಿ, ರೋಗವೂ ಜೊತೆಗೆ ಹೋಗುತ್ತದೆ, ಮೊದಲು ಡಾಕ್ಟರಿಗೆ ತೋರಿಸಿ. ಇನ್ನೊಂದು, ನಮ್ಮ ಕಲಬುರಗಿ ಮೇ ಬಿಸಿಲಲ್ಲಿ ತಗಡಿನ ಕೋಣೆಯಲ್ಲಿ ಕೂಡಿಹಾಕಬೇಡಿ, ಶಹಾಬಾದ್ ಕಲ್ಲು ಹಾಸಿದ ತಂಪು ಕೋಣೆಯೇ ಇರಲಿ, ನೀರು ಎರಡು ಕಡೆ ಇಡಿ.